ಜ್ವರ ಬಾರದ ತಳಿ

ಆರು ವರ್ಷ ನಾನು ಮಲ್ಲಿಗೆ ಮುಡಿಯಲಿಲ್ಲ. ಹರಕೆ ಗಿರಕೆ ಏನೂ ಇರಲಿಲ್ಲ. ನಮ್ಮ ಬಾಸಿನ ಮೂಗಿಗೆ ಅಡ್ಡ ಬರುತ್ತದೆ ಅಂತ, ಅಷ್ಟೆ. ಆಫೀಸಿನಲ್ಲಿ ಹೂವಿಲ್ಲ, ಊದುಬತ್ತಿಯಿಲ್ಲ, ಸೆಂಟಂತೂ ಕೇಳಲೇಬೇಡಿ. ಒಂದು ಶುಕ್ರವಾರ ಅಮ್ಮನ ಬಲವಂತಕ್ಕೆ ಒಂದು ಮೊಳ ಮುಡಿದುಕೊಂಡು ಹೋಗಿದ್ದೆ. ಅವರು ಜೀಪಿನ ಬಾಗಿಲು ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತರು. ಬೈಯಲಿಲ್ಲ. "ಹಿಂಗಾದ್ರೆ ಚರಂಡಿ ವಾಸ್ನೆ ನಂಗೆ ಹೆಂಗ್ ಬತ್ತದವ್ವಾ?" ಅಂದರು. ಮುಖ ನಿಜವಾಗಿಯೂ ಸಪ್ಪಗಾಗಿತ್ತು. ಹೂವನ್ನು ತೆಗೆದು ಜೀಪಿನೊಳಗಿದ್ದ ಗಣಪತಿಗೆ ಇಡಲು ಹೋದೆ, ಅದಕ್ಕೂ ಒಪ್ಪಲಿಲ್ಲ. ಕೊನೆಗೆ ನಮ್ಮ ಆಫೀಸಿನ ಕೆಳಗಿದ್ದ ಟೈರ್ ಅಂಗಡಿಯ ದೇವರ ಫೋಟೋಗೆ ಹಾಕಿ ಹೊರಟೆವು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಆಯಮ್ಮ ಮದುವೆ ಮುಂಜಿಗಳಲ್ಲಿ ಯಾರಾದರೂ ನಿಮ್ಮ ಯಜಮಾನರು ಏನು ಮಾಡುತ್ತಾರೆ ಅಂದರೆ "ಇಂಜಿನಿಯರಿಂಗ್ ಕಂಪನಿ" ಅನ್ನುತ್ತಿದ್ದರು. ಪಕ್ಕದಲ್ಲೇ ಕೂತಿದ್ದ ಯಜಮಾನರು ತಡೆಯಲಾರದೆ, "ಗಲೀಜು ನೀರ್ ತೊಳ್ಯೋದು" ಅಂತ ಸೇರಿಸುತ್ತಿದ್ದರು. ಅವತ್ತು ಮನೆಯಲ್ಲಿ ಮಾತಿಲ್ಲ. ಇಂಥ ಎಷ್ಟೋ ಮೌನದ ದಿನಗಳು ಅವರ ಲೆಕ್ಕದಲ್ಲಿದ್ದವು, ಮಾರನೇ ದಿನ ಆಫೀಸಿಗೆ ಬಂದು ನನಗೆ ವರದಿ ಒಪ್ಪಿಸುತ್ತಿದ್ದರು.

ನಾನಾಗ ಬಿ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ ಚನ್ನಪಟ್ಟಣದ ಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ಎರಡು ಸಾವಿರದ ಇಸವಿ ಕಳೆದಿತ್ತು. ಬಿಡದಿಯಿಂದ ಹಿಡಿದು ಹೆದ್ದಾರಿಯುದ್ದಕ್ಕೂ, ಅತ್ತ ಕನಕಪುರದ ಹಾದಿಯಲ್ಲೂ ಹೊಲಗಳ ನಡುವೆ ಕಾರ್ಖಾನೆಗಳ ಕಾಂಪೌಂಡುಗಳು ಏಳುತ್ತಿದ್ದವು. ಕಾರ್ಖಾನೆ ಇದ್ದ ಕಡೆ ಕೊಳಕು ನೀರು, ಕೊಳಕು ನೀರಿದ್ದ ಕಡೆ ಅದನ್ನು ಶುದ್ಧ ಮಾಡಲೇಬೇಕು ಅನ್ನುವ ಕಾನೂನು, ಕಾನೂನು ಇದ್ದ ಕಡೆ ಹತ್ತು ನಮೂನೆಯ ಅರ್ಜಿ. ಮಾಗಡಿ ತಾಲ್ಲೂಕು ತಿಪ್ಪಸಂದ್ರದ ಕಡೆಯ ಈ ಮನುಷ್ಯ ಅಲ್ಲಿಯತನಕ ಪಂಪ್‌ಸೆಟ್ಟು ಮಾರುತ್ತಿದ್ದವರು. ಇದರಲ್ಲಿ ಒಂದು ಉದ್ಯೋಗವಿದೆ ಅಂತ ಅವರಿಗೆ ಹೊಳೆದುಬಿಟ್ಟಿತು. ರಾಮನಗರದಲ್ಲಿ ಟೈರ್ ಅಂಗಡಿಯ ಮೇಲಿನ ರೂಮು ಹಿಡಿದರು. ವಿಸಿಟಿಂಗ್ ಕಾರ್ಡಿನ ಮೇಲೆ ತಮ್ಮ ಹೆಸರಿನ ಕೆಳಗೆ "ಪರಿಸರ ಉದ್ಯಮಿ" ಅಂತ ಹಾಕಿಸಿದರು. ಪಿಯುಸಿಯಲ್ಲಿ ಕೆಮಿಸ್ಟ್ರಿ ಡುಮ್ಕಿ ಹೊಡೆದಿದ್ದವರಾದ್ದರಿಂದ ಒಬ್ಬ ಕೆಮಿಸ್ಟು ಬೇಕು ಅಂತ ಗೋಡೆಗೆ ಚೀಟಿ ಅಂಟಿಸಿದರು.

ನನ್ನ ಇಂಟರ್‌ವ್ಯೂ ಹೇಗಾಯಿತು ಅಂತೀರಿ? ಮೇಜಿನ ಮೇಲೆ ಮೂರು ಲೋಟ ನೀರಿಟ್ಟರು, ಮೂಸು ಅಂದರು. ಡಿಗ್ರಿ ಸರ್ಟಿಫಿಕೇಟು ತಂದಿದ್ದೇನೆ ಅಂದೆ. ಅದನ್ನ ಆಮೇಲೆ ಮೂಸ್ತೀನಿ, ಮೊದ್ಲು ನೀನು ಇದನ್ನ ಮೂಸು ಅಂದರು. ಸಿಟ್ಟು ಬಂತು, ಎದ್ದು ಹೋಗೋಣ ಅನ್ನಿಸಿತು. ಆದರೆ ಅಕ್ಕಿ ಆರಿಸಿ ಸಾಕಾಗಿತ್ತು. ಮೂಸಿದೆ. ಒಂದು ರೇಷ್ಮೆ ಬಿಚ್ಚುವ ಕಡೆಯದು, ಗೂಡು ಬೇಯಿಸಿದ ನೀರು, ನಮ್ಮ ಬೀದಿಯಲ್ಲೇ ದಿನಾ ಕುಡಿದಿದ್ದೇನೆ ಆ ವಾಸನೆ. ಎರಡನೆಯದು ಹೋಟೆಲಿನದು. ಮೂರನೆಯದು ಗೊತ್ತಾಗಲಿಲ್ಲ, ಅದಕ್ಕೆ ವಾಸನೆಯೇ ಇಲ್ಲ ಅಂದೆ. ಅದು ಅವರು ಕುಡಿಯಲು ಇಟ್ಟುಕೊಂಡಿದ್ದ ನೀರು. ಅಲ್ಲೇ ಕುಡಿದು, ನಾಳೆಯಿಂದ ಬಾ ಅಂದರು. ನನಗೆ "ಚೀಫ್ ಕೆಮಿಸ್ಟ್" ಅಂತ ಪದವಿ ಕೊಟ್ಟರು. ಉಳಿದ ಕೆಮಿಸ್ಟುಗಳು ಯಾರೂ ಇರಲಿಲ್ಲ.

ಎರಡು ವರ್ಷ ನಾವು ಮಾಡಿದ್ದು ಬರೀ ಅರ್ಜಿ ತುಂಬುವ ಕೆಲಸ. ಆದರೆ ಅವರಿಗೆ ಜೀವಮಾನದ ಆಸೆ ಒಂದಿತ್ತು, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ತಾವೇ ಲೆಕ್ಕ ಹಾಕಿ, ತಾವೇ ಕಟ್ಟಿಸಿದ, ಕೊಳಕು ನೀರು ಒಂದು ಕಡೆ ಹೋಗಿ ಇನ್ನೊಂದು ಕಡೆ ತಿಳಿಯಾಗಿ ಬರುವ ಒಂದು ದೊಡ್ಡ ಟ್ಯಾಂಕು. ಅದೊಂದು ಆದರೆ ನಾವು ಕಂಪನಿ ಕಣವ್ವ, ಇಲ್ಲಾಂದ್ರೆ ಅರ್ಜಿ ಬರ್ಕೊಡೋ ಅಂಗಡಿ, ಅನ್ನುತ್ತಿದ್ದರು.

ಅವರ ನಿಜವಾದ ಬಂಡವಾಳ ಮೂಗಲ್ಲ, ಬಾಯಿ. ಎಂಥ ಕಷ್ಟದ ವಿಷಯವನ್ನಾದರೂ ಎದುರಿಗೆ ಕೂತವನ ಕಸುಬಿಗೆ ತಂದು ಕಟ್ಟಿಬಿಡುತ್ತಿದ್ದರು. ಕೆಂಗಲ್ ಹತ್ತಿರದ ಹೋಟೆಲಿನವನಿಗೆ ಟ್ಯಾಂಕಿನ ಬ್ಯಾಕ್ಟೀರಿಯ ಅಂದರೆ ಏನು ಅಂತ ಹೇಳಬೇಕಾಗಿತ್ತು. ರಾತ್ರಿ ದೋಸೆ ಹಿಟ್ಟು ಉಬ್ಬಿಸೋರು ಯಾರು, ನೀನಾ? ಅವೇ ಕಣಯ್ಯ ಇವು, ಅಂದರು. ಹೋಟೆಲಿನವನು ತಕ್ಷಣ ಅರ್ಜಿಗೆ ಸಹಿ ಹಾಕಿದ. ಕನಕಪುರದ ಕಲ್ಲು ಕ್ವಾರಿಯವನಿಗೆ ಧೂಳು ಹಿಡಿಯುವ ಯಂತ್ರವನ್ನು ಅವನ ಅವ್ವ ರಾಗಿ ಕೇರುವ ಮೊರದಿಂದ ವಿವರಿಸಿದರು. ಆತ ಅವ್ವನನ್ನು ನೆನೆದು ಕಣ್ಣೊರೆಸಿಕೊಂಡ. ನಾನು ಪಕ್ಕದಲ್ಲಿ ಕೂತು ಪುಸ್ತಕದ ಭಾಷೆಯಲ್ಲಿ ಏನಾದರೂ ತಿದ್ದಲು ಹೋದರೆ ಮೇಜಿನ ಕೆಳಗೆ ಕಾಲು ತುಳಿಯುತ್ತಿದ್ದರು. ಒಂದು ಚಪ್ಪಲಿ ಹಾಗೇ ಕಿತ್ತುಹೋಯಿತು, ಹೊಸದು ಕೊಡಿಸಿದರು ಬಿಡಿ.

ಕಡೆಗೂ ಟ್ಯಾಂಕು ಸಿಕ್ಕಿತು. ಕನಕಪುರದ ಹಾದಿಯಲ್ಲಿ ಜೀನ್ಸ್ ಪ್ಯಾಂಟು ತೊಳೆದು ಹೊರದೇಶಕ್ಕೆ ಕಳಿಸುವ ಒಂದು ಕಾರ್ಖಾನೆ. ಅಲ್ಲಿಂದ ನೀಲಿ ನೀರು, ಗಂಜಿ ನೀರು ಧಾರಾಳವಾಗಿ ಹೊರಬೀಳುತ್ತಿತ್ತು. ಅದೇ ಮಾಲೀಕರಿಗೆ ಇನ್ನೂ ಮೂರು ಕಾರ್ಖಾನೆಗಳಿದ್ದವು. ಮ್ಯಾನೇಜರು ಮೊದಲೇ ಹೇಳಿದ್ದ: ಟ್ಯಾಂಕು ಕಟ್ಟಿ, ನಡೆಸಿ ತೋರಿಸಿ, ಪ್ಯಾಂಟು ಕೊಳ್ಳುವ ಹೊರದೇಶದ ಕಂಪನಿಯವರು ಬಂದು ನೋಡಿ ಒಪ್ಪಿದರೆ ಉಳಿದ ಮೂರೂ ನಿಮಗೇ. ಬಾಸು ಆ ಟ್ಯಾಂಕಿನ ಲೆಕ್ಕವನ್ನು ನನ್ನ ಕೈಯಲ್ಲಿ ಹನ್ನೊಂದು ಸಲ ಮಾಡಿಸಿದರು. ಹನ್ನೆರಡನೇ ಸಲಕ್ಕೆ ಕ್ಯಾಲ್ಕುಲೇಟರನ್ನು ಅವರ ಮುಂದೆ ಕುಕ್ಕಿ, ನೀವೇ ಮಾಡಿಕೊಳ್ಳಿ ಅಂದೆ.

ಟ್ಯಾಂಕನ್ನು ನೋಡಿಕೊಳ್ಳಲು ಕಾರ್ಖಾನೆಯವರು ಕೊಟ್ಟ ಆಳು ಬೋರಣ್ಣ. ಐವತ್ತರ ಹತ್ತಿರದ ರೈತ. ಆ ಕಾರ್ಖಾನೆ ನಿಂತಿದ್ದೇ ಅವನ ಜಮೀನಿನಲ್ಲಿ, ಅಂದರೆ ಕಾಂಪೌಂಡಿನ ಮೂಲೆಯ ಎರಡೆಕರೆ ಅವನದಾಗಿತ್ತು. ಜಮೀನು ಕೊಟ್ಟ ಮನೆಗೊಂದು ಕೆಲಸ ಅಂತ ಸೇರಿಸಿಕೊಂಡಿದ್ದರು. ಹುಟ್ಟಿದಾರಭ್ಯ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕಿದವನು. ಅವನಿಗೆ ಯಂತ್ರ ಕಂಡರೆ ಭಯ, ಮೀಟರು ಕಂಡರೆ ಇನ್ನೂ ಭಯ. ಮೊದಲ ದಿನ ನಾನು ಇಂಗ್ಲಿಷಿನಲ್ಲಿದ್ದ ಕೈಪಿಡಿಯನ್ನು ಕನ್ನಡ ಮಾಡಿ ಅರ್ಧ ಗಂಟೆ ಓದಿದೆ. ಅಷ್ಟು ಹೊತ್ತೂ ಟವೆಲ್ಲಿನ ತುದಿ ಸುರುಳಿ ಸುತ್ತುತ್ತಾ ನಿಂತಿದ್ದ. ಮುಗಿದ ಮೇಲೆ, ನನ್ನನ್ನ ಗೇಟ್ ಕಾಯಕ್ಕೆ ಹಾಕ್ಬುಡಿ ಅಂದ.

ಆಗ ಬಾಸು ಮುಂದೆ ಬಂದರು. ಅವನ ಹೆಗಲ ಮೇಲೆ ಕೈ ಹಾಕಿ ಟ್ಯಾಂಕಿನ ಕಟ್ಟೆಯ ಮೇಲೆ ಕೂರಿಸಿಕೊಂಡರು. "ಬೋರಣ್ಣ, ಈ ತೊಟ್ಟಿಯೊಳ್ಗೆ ಕಣ್ಗೆ ಕಾಣ್ದಂಥ ಹುಳ ಅವೆ. ಗಂಜಿ ನೀರು ಅವುಕ್ಕೆ ಸೊಪ್ಪು. ಈ ಮಿಸಿನ್ನು ಗಾಳಿ ಬುಡ್ತದೆ, ಅದು ನಿಮ್ಮನೆ ಕಿಟ್ಕಿ. ನಿಮ್ಮನೇಲಿ ರೇಷ್ಮೆ ಹುಳಾನ ಹೆಂಗ್ ನೋಡ್ಕೋತೀಯೋ ಹಂಗೇ ನೋಡ್ಕೋ. ಇನ್ನೇನೂ ಬ್ಯಾಡ."

ಬೋರಣ್ಣನ ಮುಖ ನೋಡಬೇಕಿತ್ತು ನೀವು. ಮಾರನೆಯ ದಿನದಿಂದ ಅವನೇ ಬೇರೆ. ಟ್ಯಾಂಕಿನ ಹತ್ತಿರ ಯಾರೂ ಬೀಡಿ ಸೇದುವಂತಿಲ್ಲ. ಕೈಕಾಲು ತೊಳೆಯದೆ ಕಟ್ಟೆ ಹತ್ತುವಂತಿಲ್ಲ. ಮ್ಯಾನೇಜರನ್ನೂ ಒಂದು ದಿನ ಬೂಟು ಬಿಚ್ಚಿಸಿ, ಕಾಲಿಗೆ ನೀರು ಹೊಯ್ಯಿಸಿ ಮೇಲೆ ಹತ್ತಿಸಿದ. ಹೊತ್ತಿಗೆ ಸರಿಯಾಗಿ ಸಗಣಿ ಬಗ್ಗಡ, ಬೆಲ್ಲದ ನೀರು. ಟ್ಯಾಂಕು ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿತು, ಅದು ಆರೋಗ್ಯದ ಬಣ್ಣ. ಆ ಕಡೆಯಿಂದ ಬರುವ ನೀರು ತಿಳಿಯಾಯಿತು. ಬಾಸು ಒಂದು ಬಾಟಲಿಯಲ್ಲಿ ಹಿಡಿದು, ಬಿಸಿಲಿಗೆ ಎತ್ತಿ ನೋಡಿ, ಮೂಸಿ, ಏನೂ ವಾಸ್ನೆ ಇಲ್ಲ ಕಣವ್ವ ಅಂದರು. ಬಾಟಲಿಯನ್ನು ನನ್ನ ಮೂಗಿಗೂ ಹಿಡಿದರು. ನನ್ನ ಕಣ್ಣು ತುಂಬಿತು. ಚರಂಡಿ ನೀರು ನೋಡಿ ಅಳುವ ಹಂಗಾಯಿತಲ್ಲ ನನ್ನ ಬಾಳು ಅಂತ ಆಮೇಲೆ ನಗುವೂ ಬಂತು.

ಹೊರದೇಶದವರು ಬರುವುದು ಸೋಮವಾರ ಅಂತ ಗೊತ್ತಾಯಿತು. ಅದಕ್ಕೆ ಹಿಂದಿನ ವಾರ ಹಬ್ಬದ ಸಲುವಾಗಿ ಕಾರ್ಖಾನೆಗೆ ಎರಡು ದಿನ ರಜೆ. ಶುಕ್ರವಾರ ಬೆಳಿಗ್ಗೆ ಸ್ಯಾಂಪಲ್ಲು ತೆಗೆಯಲು ನಾವಿಬ್ಬರೂ ಹೊರಟೆವು. ಗೇಟು ಇನ್ನೂ ಒಂದು ಫರ್ಲಾಂಗು ಇರುವಾಗಲೇ ಬಾಸು ಜೀಪು ನಿಲ್ಲಿಸಿದರು. ಏನಾಯಿತು ಸಾರ್ ಅಂದೆ. ತಲೆ ಹೊರಗೆ ಹಾಕಿ ಮೂಸುತ್ತಿದ್ದರು. ಅಷ್ಟರಲ್ಲಿ ನನ್ನ ಮೂಗಿಗೂ ಬಂತು, ಕೊಳೆತ ಮೊಟ್ಟೆಯ ವಾಸನೆ.

ಓಡಿಕೊಂಡು ಹೋದೆವು. ಗಾಳಿ ಬಿಡುವ ಯಂತ್ರ ನಿಂತಿತ್ತು. ಟ್ಯಾಂಕಿನ ಮೇಲೆಲ್ಲ ಬಿಳೀ ಕೆನೆ. ಕಟ್ಟೆಯ ಮೇಲೆ ಬೋರಣ್ಣ ಕೂತಿದ್ದ, ಮೂಗಿಗೆ ಟವೆಲ್ಲು ಕಟ್ಟಿಕೊಂಡಿದ್ದ. ನಮ್ಮನ್ನು ಕಂಡವನೇ ತುಟಿಯ ಮೇಲೆ ಬೆರಳಿಟ್ಟ.

"ಮೆಲ್ಲಗ್ ಬನ್ನಿ ಸಾ," ಅಂದ ಪಿಸುದನಿಯಲ್ಲಿ. "ಜ್ವರಕ್ಕೆ ಕೂತವೆ."

ರೇಷ್ಮೆ ಸಾಕದವರಿಗೆ ಒಂದು ಮಾತು ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಚರ್ಮ ಕಳಚುತ್ತದೆ. ಅದಕ್ಕೆ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಾಡಿಸಬಾರದು, ತೇವ ಆರಲು ಮೇಲೆ ಸುಣ್ಣದ ಪುಡಿ ಉದುರಿಸಬೇಕು. ಹಬ್ಬದ ರಜೆಗೆ ಗಂಜಿ ನೀರು ನಿಂತು ಟ್ಯಾಂಕಿನ ನೊರೆ ಇಳಿದಿದೆ. ಬೋರಣ್ಣ ಬಗ್ಗಿ ನೋಡಿದ್ದಾನೆ. ಸದ್ದಡಗಿದ ಹಾಗಿದೆ, ಹುಳ ಮೇವು ಬಿಟ್ಟಿವೆ ಅಂದುಕೊಂಡಿದ್ದಾನೆ. ಬೆಲ್ಲ ಕೊಡುವುದನ್ನು ನಿಲ್ಲಿಸಿದ್ದಾನೆ. ನೀರು ಅಲುಗದಿರಲಿ ಅಂತ ಗಾಳಿ ಯಂತ್ರ ಆರಿಸಿದ್ದಾನೆ. ಪಕ್ಕದ ಶೆಡ್ಡಿನಲ್ಲಿದ್ದ ಐದು ಮೂಟೆ ಸುಣ್ಣವನ್ನು ಜರಡಿ ಹಿಡಿದು, ಒಂದೇ ಸಮ ಬೀಳುವ ಹಾಗೆ ಟ್ಯಾಂಕಿನ ಮೇಲೆ ಉದುರಿಸಿದ್ದಾನೆ. ಎರಡು ದಿನ ಮನೆಗೂ ಹೋಗದೆ ಕಾದಿದ್ದಾನೆ, ವಾಚ್‌ಮನ್ನುಗಳಿಗೆ ಜೋರಾಗಿ ಮಾತಾಡಲೂ ಬಿಟ್ಟಿಲ್ಲ. ಗಾಳಿಯಿಲ್ಲದೆ, ಸುಣ್ಣಕ್ಕೆ ಸಿಕ್ಕಿ, ಒಳಗೆ ಒಂದು ಜೀವವೂ ಉಳಿದಿರಲಿಲ್ಲ.

ನಾನು ಬಾಯಿ ತೆರೆದೆ. ನನ್ನ ಬಾಯಿ ಗೊತ್ತಲ್ಲ, ತೆರೆದರೆ ಹತ್ತು ಮನೆಗೆ ಕೇಳಿಸುತ್ತದೆ. ಬಾಸು ನನ್ನ ಕಾಲು ತುಳಿದರು. ಮೇಜೂ ಇಲ್ಲ ಏನೂ ಇಲ್ಲ, ಬಟಾಬಯಲಿನಲ್ಲಿ ತುಳಿದರು. ಆಮೇಲೆ ಬೋರಣ್ಣನ ಪಕ್ಕ ಕೂತು, ಊಟ ಮಾಡಿದ್ಯಾ ಅಂತ ಕೇಳಿದರು.

ಸೋಮವಾರದೊಳಗೆ ಟ್ಯಾಂಕು ಬದುಕುವುದು ಸಾಧ್ಯವೇ ಇರಲಿಲ್ಲ. ಕಮ್ಮಿಯೆಂದರೂ ಮೂರು ವಾರ ಬೇಕು. ಮ್ಯಾನೇಜರು ಕೆಟ್ಟವನಲ್ಲ, ಗಡಿಬಿಡಿಯವನು. ಟ್ಯಾಂಕು ಕೆಟ್ಟಿದ್ದರೂ ಪರವಾಗಿಲ್ಲ, ಕಾರಣ ಬರೆದು ಕೊಟ್ಟರೆ ಅವರು ಒಪ್ಪುತ್ತಾರೆ ಅಂದ. ಒಂದು ನಮೂನೆ ತೆಗೆದು ಬಾಸಿನ ಮುಂದಿಟ್ಟ. ಅದರಲ್ಲಿ "ಕಾರಣ" ಅಂತ ಒಂದು ಕಾಲಂ, "ಕೈಗೊಂಡ ಕ್ರಮ" ಅಂತ ಇನ್ನೊಂದು.

"ಎರಡೇ ಪದ ಸಾರ್," ಅಂದ. "ಆಪರೇಟರ್ ಎರರ್ ಅಂತ ನೀವು ಬರೀರಿ. ಅವನನ್ನ ಕೆಲಸದಿಂದ ತೆಗೆದಿದೀವಿ ಅಂತ ಕೆಳಗೆ ನಾನು ಬರೀತೀನಿ. ಮೂರು ಫ್ಯಾಕ್ಟರಿ ನಿಮ್ದು."

ಬಾಸು ನಮೂನೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ದಾರಿಯುದ್ದಕ್ಕೂ ಮಾತಿಲ್ಲ. ಮಾತಿಲ್ಲದ ಬಾಸನ್ನು ನಾನು ಅವತ್ತೇ ಮೊದಲು ನೋಡಿದ್ದು, ಭಯವಾಯಿತು.

ಶನಿವಾರ ಆಫೀಸಿನಲ್ಲಿ ನಾನೇ ಮುಂದಾಗಿ "ಆಪರೇಟರ್ ಎರರ್" ಅಂತ ಟೈಪ್ ಮಾಡಿ ಪ್ರಿಂಟು ಕೊಟ್ಟೆ. ಹರಿದರು. ಇನ್ನೊಂದು ಕೊಟ್ಟೆ. ಅದನ್ನೂ ಹರಿದರು. ಕಾರಣದ ಕಾಲಂನಲ್ಲಿ ಹೀಗೆ ಬರಿ ಅಂದರು: ಕೆಲಸಗಾರ ತನಗೆ ಹೇಳಿದ ಹಾಗೇ ಮಾಡಿದ್ದಾನೆ. ಹೇಳಿದ್ದೇ ತಪ್ಪಾಗಿತ್ತು. ಹೇಳಿದವನು ನಾನು, ಅಂತ. ನಾನು ಕೈ ಕಟ್ಟಿ ಕೂತೆ. ಇದನ್ನು ಟೈಪ್ ಮಾಡಲ್ಲ ಅಂದೆ. ಹನ್ನೊಂದು ಸಲ ನಾನೂ ಆ ಟ್ಯಾಂಕಿಗೆ ಲೆಕ್ಕ ಹಾಕಿದ್ದೇನೆ, ಅದು ನಿಮ್ಮೊಬ್ಬರದಲ್ಲ ಅಂದೆ. ಅಳುವೂ ಬಂತು. ಅವರು ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ತಾವು ಕೂತು, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಇಂಗ್ಲಿಷಿನಲ್ಲಿ ಹೊಡೆಯತೊಡಗಿದರು. ಮೂರು ವಾಕ್ಯಕ್ಕೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಏಳು ತಪ್ಪು. ನೋಡಲಾರದೆ ಕಣ್ಣೊರೆಸಿಕೊಂಡು ನಾನೇ ತಿದ್ದಿದೆ.

"ಯಾಕ್ ಸಾರ್ ಹಿಂಗೆ?" ಅಂದೆ.

"ಅವ್ನ ಹೊಲ ಆ ಕಾಂಪೌಂಡ್ ಒಳಗೈತೆ ಕಣವ್ವ," ಅಂದರು. "ಕೆಲ್ಸ ಹೋದ್ರೆ ತನ್ ಹೊಲಾನ ಗೇಟಿನಾಚೆ ನಿಂತ್ಕೊಂಡ್ ನೋಡ್ಬೇಕಾಯ್ತದೆ. ನಂಗೇನು, ಇನ್ನೊಂದು ಟ್ಯಾಂಕ್ ಸಿಕ್ತದೆ."

ಇನ್ನೂ ಒಂದು ಮಾತು ಹೇಳಿ ಆಣೆ ಹಾಕಿಸಿಕೊಂಡರು. ಹುಳ ಸತ್ತಿದ್ದು ತನ್ನ ಕೈಯಿಂದ ಅಂತ ಬೋರಣ್ಣನಿಗೆ ಯಾವತ್ತೂ ಗೊತ್ತಾಗಬಾರದು. ಹುಳು ಸಾಕಿದವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ, ಅವನೇ ಕೆಲಸ ಬಿಟ್ಟು ಹೋಗುತ್ತಾನೆ ಅಂದರು.

ಸೋಮವಾರ ಹೊರದೇಶದ ಹೆಂಗಸೊಬ್ಬರು ಬಂದರು. ಕಾಲು ತೊಳೆದುಕೊಂಡೇ ಕಟ್ಟೆ ಹತ್ತಿದರು, ಬೋರಣ್ಣ ಬಿಡಬೇಕಲ್ಲ. ನಮೂನೆಯನ್ನು ಓದಿದರು, ಬಾಸನ್ನು ನೋಡಿದರು, ಇನ್ನೊಮ್ಮೆ ಓದಿದರು. ಇಂಥ ಕಾಲಂನಲ್ಲಿ ತನ್ನ ಹೆಸರನ್ನೇ ಬರೆದುಕೊಂಡವರನ್ನು ನಾನು ಈವರೆಗೆ ಕಂಡಿಲ್ಲ ಅಂದರು, ಅದನ್ನು ಬಾಸಿಗೆ ನಾನೇ ಕನ್ನಡದಲ್ಲಿ ಹೇಳಿದೆ. ಇದಾದ ಮೇಲೆ ಕಥೆಗಳಲ್ಲಿ ಆಗುವ ಹಾಗೆ ಏನಾದರೂ ಒಳ್ಳೆಯದಾಗಬೇಕಿತ್ತು. ಏನೂ ಆಗಲಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತೇವೆ ಅಂತ ಬರೆದು ಹೋದರು. ಉಳಿದ ಮೂರು ಕಾರ್ಖಾನೆಗಳ ಕೆಲಸ ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಗೆ ಹೋಯಿತು. ಮ್ಯಾನೇಜರು ಬಾಸಿನ ಕೈ ಹಿಡಿದು ನಿಮ್ಮಂಥವರು ಅಪರೂಪ ಅಂದ, ಅಂದಿನಿಂದ ಅವರ ಫೋನು ಎತ್ತುವುದನ್ನು ನಿಲ್ಲಿಸಿದ. ಬೋರಣ್ಣನ ಕೆಲಸ ಮಾತ್ರ ಉಳಿಯಿತು.

ಸತ್ತ ಟ್ಯಾಂಕಿಗೆ ಮತ್ತೆ ಜೀವ ತುಂಬುವ ಕೆಲಸವನ್ನಾದರೂ ಮುಗಿಸಿ ಕೊಡಬೇಕಿತ್ತು. ಸುಣ್ಣದ ನೀರು ಖಾಲಿ ಮಾಡಿಸಿ, ಎರಡು ಟ್ರ್ಯಾಕ್ಟರು ಸಗಣಿ ತರಿಸಿದರು. ಮೊದಲಿನ ಹುಳ ಏನಾದವು ಸಾ ಅಂತ ಬೋರಣ್ಣ ಕೇಳಿದ. ನನ್ನ ಲೆಕ್ಕ ತಪ್ಪಿತ್ತು ಕಣಯ್ಯ, ತೊಟ್ಟೀನೇ ಸರಿ ಕಟ್ಟಿರಲಿಲ್ಲ ಅಂದರು. ಆಮೇಲೆ ಇದು ಮತ್ತೆ ಆಗದ ಹಾಗೆ ನೋಡಬೇಕಲ್ಲ, ಅದಕ್ಕೂ ಅವರ ಹತ್ತಿರ ಮಾತಿತ್ತು. ಈ ಸಲ ತಂದಿರೋದು ಹೊಸ ತಳಿ, ಇದಕ್ಕೆ ಜ್ವರ ಬರಲ್ಲ, ಹಗಲೂ ರಾತ್ರಿ ಮೇಯುತ್ತೆ, ಗಾಳಿ ಒಂದು ಗಳಿಗೆ ನಿಲ್ಲಿಸಬೇಡ, ಸುಣ್ಣ ಅಂದರೆ ಇದಕ್ಕೆ ಆಗೋದೇ ಇಲ್ಲ, ಅಂದರು. ಬೋರಣ್ಣ ಟವೆಲ್ಲಿನ ತುದಿ ಸುತ್ತುತ್ತಾ, ಇಂಥ ತಳಿ ಮನೆಗೂ ಒಂದು ಮೊಟ್ಟೆ ಸಿಕ್ತದಾ ಅಂತ ಕೇಳಿದ. ನಾನು ಜೀಪಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ.

ಇನ್ನೊಂದು ಟ್ಯಾಂಕು ಸಿಗಲು ಮೂರು ವರ್ಷ ಹಿಡಿಯಿತು. ಅಷ್ಟು ದಿನವೂ ಮತ್ತೆ ಅದೇ ಅರ್ಜಿ, ನಡುನಡುವೆ ಪಂಪ್‌ಸೆಟ್ಟು. ಆ ಮೂರು ವರ್ಷದಲ್ಲಿ ಅವರ ಕೂದಲು ಪೂರಾ ಬೆಳ್ಳಗಾಯಿತು. ಅವರು ಕೊರಗಿದ್ದನ್ನು ನಾನು ಕಂಡಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬೆಂಗಳೂರಿನವರು ಕಟ್ಟಿದ ಟ್ಯಾಂಕುಗಳ ಮುಂದೆ ಜೀಪು ಹಾದುಹೋಗುವಾಗ ಮುಖವನ್ನು ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಆಮೇಲೆ ಹೋಟೆಲು, ಕಲ್ಯಾಣ ಮಂಟಪ ಅಂತ ಸಣ್ಣ ಪುಟ್ಟ ಟ್ಯಾಂಕುಗಳು ಬಂದವು. ಮೂರು ಕಾರ್ಖಾನೆಯಂಥ ದೊಡ್ಡದು ಮತ್ತೆ ಬರಲೇ ಇಲ್ಲ. ನಾನು ಮದುವೆಯಾಗಿ ಮೈಸೂರಿಗೆ ಹೋಗಿ, ಅಲ್ಲೂ ಇದೇ ಕೆಲಸ ಹಿಡಿದೆ.

ಹೋದ ವರ್ಷ ಅವರು ತೀರಿಕೊಂಡರು. ತಿಥಿಯ ದಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತವನು ಬೋರಣ್ಣ. ಈಗ ಪೂರಾ ಮುದುಕ. ವಯಸ್ಸಾಯಿತು ಅಂತ ಕಾರ್ಖಾನೆಯಿಂದ ಶಾಲು ಹೊದಿಸಿ ಕಳಿಸಿದ್ದಾರಂತೆ. ಅಷ್ಟು ವರ್ಷದಲ್ಲಿ ಟ್ಯಾಂಕು ಒಂದು ದಿನವೂ ಕೆಡಲಿಲ್ಲವಂತೆ. ಮಗಳ ಮದುವೆ, ಮನೆ, ಎಲ್ಲ ಆ ಸಂಬಳದಲ್ಲೇ ಆಯಿತಂತೆ. ಹೇಳುತ್ತಾ ಹೇಳುತ್ತಾ ಎಲೆಯ ಮುಂದೆ ಕೈಕಟ್ಟಿ ಕೂತುಬಿಟ್ಟ, ಕಣ್ಣಲ್ಲಿ ನೀರು.

"ಒಳ್ಳೆ ಮನ್ಸ ಕಣವ್ವ, ಚಿನ್ನದಂಥ ಮನ್ಸ," ಅಂದ. ಸುತ್ತಲೂ ನೋಡಿ, ಯಾರಿಗೂ ಕೇಳಿಸದ ಹಾಗೆ ನನ್ನ ಕಡೆ ಬಗ್ಗಿದ. "ಆದ್ರೆ ಸತ್ಯ ಹೇಳ್ಬೇಕು ನೋಡು. ಟ್ಯಾಂಕ್ ಕಟ್ಟೋ ಕೆಲ್ಸ ಅವ್ರಿಗೆ ಒಸಿ ಬತ್ತಿರ್ಲಿಲ್ಲ. ನಾನಿದ್ದಿದ್ಕೆ ಉಳ್ಕೊಂತು."

ನನ್ನ ನಾಲಿಗೆಯ ತುದಿಗೆ ಬಂತು. ಇಷ್ಟು ವರ್ಷ ಕಟ್ಟಿಟ್ಟಿದ್ದೆಲ್ಲ ಒಂದೇ ಉಸಿರಿಗೆ ಬಂತು. ಆ ಮುದುಕನ ಮುಖ ನೋಡಿದೆ.

"ಹೌದು ಬೋರಣ್ಣ," ಅಂದೆ. "ಅವರೂ ಹಾಗೇ ಹೇಳ್ತಿದ್ರು."